ಕಲಾಶಾಲೆಯ ಪಾತ್ರೆಯಿಂದ ಗುಜರಿಯ ಡಬ್ಬದವರೆಗೆ: ಮದರಾಸಿನ ಅಲ್ಯೂಮಿನಿಯಂ ಚರಿತ್ರೆ

ಮದರಾಸಿನ ಚರಿತ್ರೆಯನ್ನು ಬರೆದವರು ಕೋಟೆ, ಬಂದರು, ನೂಲಿನ ಗಿರಣಿ, ಸಂಗೀತಸಭೆ, ಸಿನಿಮಾ ಸ್ಟುಡಿಯೋಗಳ ಬಗ್ಗೆ ವಿಸ್ತಾರವಾಗಿ ಬರೆದಿದ್ದಾರೆ. ಈ ನಗರದಲ್ಲಿ ನೆಲೆಸಿದ ಕನ್ನಡಿಗರಾದ ನಾವೂ ನಮ್ಮ ಪಾಲಿನ ಚರಿತ್ರೆಯನ್ನು ಕೋಡಂಬಾಕ್ಕಮ್ಮಿನ ಸ್ಟುಡಿಯೋಗಳಲ್ಲಿ, ತ್ಯಾಗರಾಯನಗರದ ಸಂಘಗಳಲ್ಲಿ, ಹಳೆಯ ಮದರಾಸು ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಹುಡುಕುತ್ತ ಬಂದಿದ್ದೇವೆ. ಆದರೆ ಒಂದು ನಗರದ ಬಾಳು ಅಲ್ಲಿನ ಅಡುಗೆಮನೆಯ ಕಪಾಟಿನಲ್ಲಿಯೂ ಬೀದಿಯ ಕಸದ ತೊಟ್ಟಿಯಲ್ಲಿಯೂ ದಾಖಲಾಗುತ್ತದೆ. ತಂಪುಪಾನೀಯ ಕುಡಿದು ಎಸೆದ ಒಂದು ಅಲ್ಯೂಮಿನಿಯಂ ಡಬ್ಬವನ್ನು ಕೈಗೆತ್ತಿಕೊಂಡರೆ ಅದರ ಹಿಂದೆ ನೂರಿಪ್ಪತ್ತೈದು ವರ್ಷಗಳ ಕಥೆಯಿದೆ. ಆ ಕಥೆಯ ಮೊದಲ ಅಧ್ಯಾಯ ಇದೇ ಮದರಾಸಿನಲ್ಲಿ ನಡೆಯಿತು, ಅದರ ನಾಯಕನು ಮುಂದೆ ನಮ್ಮ ಮೈಸೂರಿಗೆ ಬಂದನು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದ ಸಂಗತಿ.

ಬೆಳ್ಳಿಗಿಂತ ದುಬಾರಿಯಾಗಿದ್ದ ಲೋಹ

ಅಲ್ಯೂಮಿನಿಯಂ ಭೂಮಿಯ ಹೊರಪದರದಲ್ಲಿ ಹೇರಳವಾಗಿ ಸಿಗುವ ಲೋಹ. ಕಬ್ಬಿಣಕ್ಕಿಂತಲೂ ಅದರ ಪ್ರಮಾಣ ಹೆಚ್ಚು. ಆದರೂ ತಾಮ್ರ, ಕಂಚು, ಕಬ್ಬಿಣಗಳನ್ನು ಸಾವಿರಾರು ವರ್ಷಗಳಿಂದ ಬಲ್ಲ ಮನುಷ್ಯನಿಗೆ ಇದರ ಮುಖ ಕಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಇದು ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿದುಕೊಂಡಿರುತ್ತದೆಯೆಂದರೆ ಇದ್ದಿಲಿನ ಕುಲುಮೆಗೆ ಅದನ್ನು ಬಿಡಿಸುವ ಶಕ್ತಿಯಿಲ್ಲ. 1825ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್, 1827ರಲ್ಲಿ ಜರ್ಮನಿಯ ವೋಲರ್ ರಾಸಾಯನಿಕ ಉಪಾಯಗಳಿಂದ ಇದನ್ನು ಅಷ್ಟಿಷ್ಟು ಬೇರ್ಪಡಿಸಿದರು. 1850ರ ದಶಕದಲ್ಲಿ ಫ್ರಾನ್ಸಿನ ದೆವಿಲ್ ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಿಸಿದನು. ಆಗ ಅದು ಒಡವೆಯ ಲೋಹ. ಮೂರನೆಯ ನೆಪೋಲಿಯನ್ ಚಕ್ರವರ್ತಿ ತನ್ನ ಅತಿ ಗೌರವದ ಅತಿಥಿಗಳಿಗೆ ಅಲ್ಯೂಮಿನಿಯಂ ಚಮಚಗಳನ್ನೂ ಉಳಿದವರಿಗೆ ಚಿನ್ನದವನ್ನೂ ಇಡಿಸುತ್ತಿದ್ದನೆಂಬ ಕಥೆ ಪ್ರಸಿದ್ಧ. 1884ರಲ್ಲಿ ಅಮೆರಿಕದವರು ವಾಷಿಂಗ್ಟನ್ ಸ್ಮಾರಕದ ತುದಿಗೆ ಕಳಶದಂತೆ ಇಟ್ಟದ್ದೂ ಈ ಲೋಹದ ಒಂದು ಪುಟ್ಟ ಪಿರಮಿಡ್ಡನ್ನೇ.

1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಏರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ಕರಗಿದ ಲವಣದಲ್ಲಿ ಅಲ್ಯೂಮಿನವನ್ನು ಬೆರೆಸಿ ಅದರೊಳಗೆ ವಿದ್ಯುತ್ತನ್ನು ಹಾಯಿಸಿ ಲೋಹವನ್ನು ಬಿಡಿಸುವ ವಿಧಾನವನ್ನು ಕಂಡುಹಿಡಿದರು. ಎರಡು ವರ್ಷಗಳಲ್ಲಿ ಬಾಯರ್ ಎಂಬಾತ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನವನ್ನು ಶುದ್ಧಿಮಾಡುವ ಬಗೆಯನ್ನು ಕಂಡುಕೊಂಡನು. ಬೆಲೆ ಕುಸಿಯಿತು, ಚಕ್ರವರ್ತಿಯ ಚಮಚದ ಲೋಹ ಬಡವನ ಪಾತ್ರೆಯ ಲೋಹವಾಗುವ ದಾರಿ ತೆರೆಯಿತು. ಇಂದಿಗೂ ಲೋಕದ ಅಲ್ಯೂಮಿನಿಯಂ ತಯಾರಾಗುವುದು ಈ ಎರಡು ವಿಧಾನಗಳಿಂದಲೇ. ಒಂದು ಮಾತನ್ನು ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು: ಈ ಲೋಹದ ಬೆಲೆಯಲ್ಲಿ ಮಣ್ಣಿನ ಪಾಲು ಸಣ್ಣದು, ವಿದ್ಯುತ್ತಿನ ಪಾಲು ದೊಡ್ಡದು. ಮುಂದೆ ಹೇಳುವ ಏಳುಬೀಳುಗಳಿಗೆಲ್ಲ ಇದೇ ಕಾರಣ.

ಕಲಾಶಾಲೆಯಲ್ಲಿ ಒಂದು ಪ್ರಯೋಗ

ಪೂನಮಲ್ಲಿ ಹೈರೋಡಿನಲ್ಲಿ ಈಗ ಸರ್ಕಾರಿ ಲಲಿತಕಲಾ ಕಾಲೇಜು ಎಂದು ಹೆಸರಾಗಿರುವ ಕೆಂಪು ಕಟ್ಟಡಗಳ ಆವರಣವನ್ನು ನಾವೆಲ್ಲ ನೋಡಿದ್ದೇವೆ. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯನು ಆರಂಭಿಸಿದ ಮದರಾಸು ಕಲಾಶಾಲೆ ಇದು. ಮುಂದೆ ದೇವಿಪ್ರಸಾದ ರಾಯ್ ಚೌಧುರಿ, ಕೆ.ಸಿ.ಎಸ್. ಪಣಿಕ್ಕರ್ ಮುಂತಾದ ಕಲಾವಿದರ ಕರ್ಮಭೂಮಿಯಾದ ಈ ಶಾಲೆ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕುಶಲಕರ್ಮಗಳ ಶಾಲೆಯೂ ಆಗಿತ್ತು. ಲೋಹದ ಕೆಲಸ, ಮರಗೆಲಸ, ಮಡಕೆಯ ಕೆಲಸಗಳು ಇಲ್ಲಿ ನಡೆಯುತ್ತಿದ್ದವು.

ಆಲ್‌ಫ್ರೆಡ್ ಚಾಟರ್ಟನ್ ಎಂಬ ಆಂಗ್ಲ ಎಂಜಿನಿಯರ್ 1888ರಲ್ಲಿ ಮದರಾಸಿಗೆ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕನಾಗಿ ಬಂದವನು. ಕೆಲವು ವರ್ಷಗಳಲ್ಲಿ ಕಲಾಶಾಲೆಯ ಹೊಣೆಯೂ ಅವನ ಹೆಗಲಿಗೆ ಬಂತು. ಈ ನಾಡಿನ ಕಂಚುಗಾರರ ಕೈಚಳಕವನ್ನು ಅವನು ಗಮನಿಸಿದನು. ತಗಡನ್ನು ಬಡಿದು ಬಿಂದಿಗೆಯಾಗಿಸುವ ವಿದ್ಯೆ ಅವರಲ್ಲಿ ತಲೆಮಾರುಗಳಿಂದ ನಿಂತಿತ್ತು. ಅದೇ ಸುತ್ತಿಗೆಗೆ ಹೊಸ ಲೋಹದ ತಗಡನ್ನು ಒಡ್ಡಿದರೆ ಹೇಗೆ? 1898ರಲ್ಲಿ ಕಲಾಶಾಲೆಯ ಕಾರ್ಯಾಗಾರದಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡುವ ಪ್ರಯೋಗ ಮೊದಲಾಯಿತು. ತಗಡು ಹೊರದೇಶದ್ದು, ಕೈ ನಮ್ಮದು. ಭಾರತದಲ್ಲಿ ಅಲ್ಯೂಮಿನಿಯಂ ಉದ್ಯಮಕ್ಕೆ ಆದಿ ಯಾವುದೆಂದು ಕೇಳಿದರೆ ಚರಿತ್ರಕಾರರು ಬೊಟ್ಟುಮಾಡುವುದು ಈ ಕಾರ್ಯಾಗಾರದ ಕಡೆಗೆ.

ಹೊಸ ಪಾತ್ರೆಗೆ ಹೇಳಿಕೊಳ್ಳುವ ಗುಣಗಳಿದ್ದವು. ಹಿತ್ತಾಳೆಯ ಮೂರರಲ್ಲೊಂದು ತೂಕ. ಬೇಗ ಕಾಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕಲಾಯಿ ಬೇಡ. ತಾಮ್ರ ಹಿತ್ತಾಳೆಗಳ ಒಳಮೈಗೆ ಆಗಾಗ ತವರದ ಕಲಾಯಿ ಹಾಕಿಸದಿದ್ದರೆ ಹುಳಿ ಪದಾರ್ಥ ಕಿಲುಬಿ ವಿಷವಾಗುವುದು ನಮ್ಮ ಹಿರಿಯರೆಲ್ಲ ಬಲ್ಲ ಸಂಗತಿ. ಆದರೆ ಅಲ್ಯೂಮಿನಿಯಮ್ಮಿಗೂ ದಕ್ಷಿಣ ದೇಶದ ಅಡುಗೆಮನೆಯಲ್ಲಿ ಒಬ್ಬ ಶತ್ರುವಿದ್ದನು, ಹುಣಸೆಹಣ್ಣು. ಹುಳಿಯೂ ಉಪ್ಪೂ ಸೇರಿದಲ್ಲಿ ಈ ಲೋಹದ ಮೈಯ ರಕ್ಷಾಪದರ ಸವೆದು ಗುಳಿ ಬೀಳುತ್ತದೆ. ಆದ್ದರಿಂದ ಅನ್ನದ ತಪ್ಪಲೆ, ಇಡ್ಲಿಯ ತಟ್ಟೆ, ನೀರಿನ ಕೊಡ, ಹಾಲಿನ ಪಾತ್ರೆಗಳಾಗಿ ಅಲ್ಯೂಮಿನಿಯಂ ಮನೆಹೊಕ್ಕಿತೇ ವಿನಾ ಸಾರಿನ ಪಾತ್ರೆಯಾಗಿ ನಿಲ್ಲಲಿಲ್ಲ. ತಮಿಳರ ಮನೆಗಳಲ್ಲಿ ರಸಕ್ಕೆ ಇಂದಿಗೂ ತವರದ ‘ಈಯಚ್ಚೊಂಬು’ ಉಳಿದುಕೊಂಡಿದೆ. ಇಂದಿನ ಪಾನೀಯದ ಡಬ್ಬಕ್ಕೂ ಇದೇ ಕಷ್ಟವಿದೆ. ಕೋಲಾ ಎಂಬುದೂ ಹುಳಿಯೇ. ಆದ್ದರಿಂದ ಡಬ್ಬದ ಒಳಮೈಗೆ ಕಣ್ಣಿಗೆ ಕಾಣದಷ್ಟು ತೆಳುವಾದ ರಾಳದ ಲೇಪ ಬಳಿದಿರುತ್ತಾರೆ. ಹಳೆಯ ಕಲಾಯಿಯ ಆಧುನಿಕ ರೂಪ ಅದು.

ಕಲಾಶಾಲೆಯ ಪಾತ್ರೆಗಳಿಗೆ ಗಿರಾಕಿಗಳು ಸಿಕ್ಕಿದರು. ಪ್ರಯೋಗ ಫಲಿಸಿದೆಯೆಂದು ತೋರಿದ ಮೇಲೆ 1903ರಲ್ಲಿ ಸರ್ಕಾರವು ಆ ಕೆಲಸವನ್ನು ಇಂಡಿಯನ್ ಅಲ್ಯೂಮಿನಿಯಂ ಕಂಪನಿ ಎಂಬ ಖಾಸಗಿ ಸಂಸ್ಥೆಗೆ ಮಾರಿತು. (ಮುಂದೆ ‘ಇಂಡಾಲ್’ ಎಂದು ಹೆಸರಾದ, ಕೆನಡಾದ ಬಂಡವಾಳದ ಕಂಪನಿ ಬೇರೆ.) ದಾರಿಯನ್ನು ಸರ್ಕಾರ ತೋರಿಸಬೇಕು, ನಡೆಯುವ ಕೆಲಸವನ್ನು ಜನಕ್ಕೆ ಬಿಡಬೇಕು ಎಂಬುದು ಚಾಟರ್ಟನ್ನನ ತತ್ವವಾಗಿತ್ತು. ಕ್ರೋಮ್ ವಿಧಾನದ ಚರ್ಮ ಹದಮಾಡುವಿಕೆ, ಸೇಲಮ್ಮಿನ ಕೈಮಗ್ಗದ ಪ್ರಯೋಗ, ಬಾವಿಗಳಿಗೆ ಎಂಜಿನ್ ಪಂಪು ಇವೆಲ್ಲದರಲ್ಲಿಯೂ ಅವನು ಇದೇ ಮಾರ್ಗವನ್ನು ಹಿಡಿದನು.

ಮದರಾಸು ಕಳೆದುಕೊಂಡದ್ದು, ಮೈಸೂರು ಪಡೆದದ್ದು

ಈ ಮಾರ್ಗ ಮದರಾಸಿನ ಬ್ರಿಟಿಷ್ ವ್ಯಾಪಾರಿಗಳಿಗೆ ರುಚಿಸಲಿಲ್ಲ. ಸರ್ಕಾರವೇ ಕಾರ್ಖಾನೆ ನಡೆಸಿದರೆ ತಮ್ಮ ಗತಿಯೇನೆಂದು ಅವರು ಆಕ್ಷೇಪಿಸಿದರು. 1910ರಲ್ಲಿ ಲಂಡನ್ನಿನ ಭಾರತ ಕಾರ್ಯದರ್ಶಿ ಲಾರ್ಡ್ ಮಾರ್ಲೆ, ಸರ್ಕಾರವು ಕೈಗಾರಿಕಾ ಶಿಕ್ಷಣ ಕೊಡಬಹುದೇ ಹೊರತು ತಾನೇ ಉದ್ಯಮ ನಡೆಸಿ ತೋರಿಸಬಾರದೆಂಬ ಅರ್ಥದ ಆದೇಶವನ್ನು ಕಳುಹಿಸಿದನು. ಮದರಾಸಿನ ಕೈಗಾರಿಕಾ ಇಲಾಖೆಯ ಕೆಲಸ ಕುಗ್ಗಿತು. ಚಾಟರ್ಟನ್ನನ ಕೈ ಕಟ್ಟಿದಂತಾಯಿತು.

ಆ ಹೊತ್ತಿಗೆ ಮೈಸೂರಿನಲ್ಲಿ ಗಾಳಿ ಬೇರೆ ದಿಕ್ಕಿನಲ್ಲಿ ಬೀಸುತ್ತಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಗಿತ್ತು. 1912ರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾದರು. ಅದೇ ವರ್ಷ ಚಾಟರ್ಟನ್ ಮೈಸೂರಿಗೆ ಬಂದನು, ಅಲ್ಲಿನ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆಯನ್ನು ಕಟ್ಟುವ ಕೆಲಸ ಅವನದಾಯಿತು. 1914ರಲ್ಲಿ ಮಹಾಯುದ್ಧ ಹೊತ್ತಿಕೊಂಡಾಗ ಮೈಸೂರಿನ ಶ್ರೀಗಂಧ ದಾಸ್ತಾನಾಗಿ ಬಿದ್ದಿತು. ಅದುವರೆಗೆ ನಮ್ಮ ಗಂಧದ ಕೊರಡು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಟಾಟಾ ವಿಜ್ಞಾನಮಂದಿರದ ರಸಾಯನಜ್ಞರ ನೆರವಿನಿಂದ ಎಣ್ಣೆಯನ್ನು ಇಲ್ಲಿಯೇ ಇಳಿಸುವ ಪ್ರಯೋಗ ನಡೆಯಿತು. 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆಗಳು ತೆರೆದವು. ಅದರ ಬೆನ್ನಿಗೇ ಬಂದದ್ದು ಸರ್ಕಾರಿ ಸಾಬೂನು ಕಾರ್ಖಾನೆ. ಇಂದು ಚೆನ್ನೈನ ಅಂಗಡಿಯಲ್ಲಿ ನಾವು ಊರಿನ ನೆನಪಿಗಾಗಿ ಕೊಳ್ಳುವ ಮೈಸೂರು ಸ್ಯಾಂಡಲ್ ಸಾಬೂನಿಗೂ ಕಲಾಶಾಲೆಯ ಅಲ್ಯೂಮಿನಿಯಂ ತಪ್ಪಲೆಗೂ ಹೀಗೆ ಒಬ್ಬನೇ ಮನುಷ್ಯನ ಮೂಲಕ ನೆಂಟಸ್ತನವುಂಟು. ಮದರಾಸಿನಲ್ಲಿ ತಡೆಬಿದ್ದ ವಿಚಾರಕ್ಕೆ ಮೈಸೂರು ಮನೆ ಕೊಟ್ಟಿತು.

ಕಾವೇರಿಯ ದಡದ ಕುಲುಮೆ

ಪಾತ್ರೆ ಮಾಡುವುದು ಒಂದು, ಲೋಹವನ್ನೇ ಮಾಡುವುದು ಇನ್ನೊಂದು. ಚಾಟರ್ಟನ್ನನ ಕಾಲದಿಂದ ನಾಲ್ಕು ದಶಕಗಳವರೆಗೆ ಭಾರತಕ್ಕೆ ತಗಡು ಹಡಗಿನಲ್ಲಿಯೇ ಬರುತ್ತಿತ್ತು. ನಮ್ಮಲ್ಲಿ ಬಾಕ್ಸೈಟ್ ಇತ್ತು, ಅಗ್ಗದ ವಿದ್ಯುತ್ತಿರಲಿಲ್ಲ. 1943ರಲ್ಲಿ ತಿರುವಾಂಕೂರಿನ ಅಲುವಾ ಬಳಿಯ ಅಲುಪುರದಲ್ಲಿ ಪಳ್ಳಿವಾಸಲ್ ಜಲವಿದ್ಯುತ್ತಿನ ಬಲದಿಂದ ಇಂಡಾಲ್ ಕಂಪನಿ ಲೋಹವನ್ನು ತೆಗೆಯಿತು. ಮದರಾಸು ರಾಜ್ಯದ ಸರದಿ ಬಂದದ್ದು ಇನ್ನೂ ಎರಡು ದಶಕಗಳ ಮೇಲೆ, ಕಾವೇರಿಯ ದಡದಲ್ಲಿ.

ಕಾವೇರಿಯ ನೀರಿನ ವಿಚಾರವಾಗಿ ಮೈಸೂರಿಗೂ ಮದರಾಸಿಗೂ 1924ರಲ್ಲಿ ಆದ ಒಪ್ಪಂದ ಎರಡೂ ರಾಜ್ಯದವರು ಇಂದಿಗೂ ಬೇರೆಬೇರೆ ಭಾವದಿಂದ ನೆನೆಯುವ ಕಾಗದ. ಆ ಒಪ್ಪಂದದ ಆಶ್ರಯದಲ್ಲಿ 1934ರಲ್ಲಿ ಮೇಟ್ಟೂರಿನ ಅಣೆಕಟ್ಟು ಮುಗಿಯಿತು, ಅನಂತರ ಜಲವಿದ್ಯುತ್ತೂ ಬಂತು. ಸುತ್ತಣ ಸೇಲಂ, ಧರ್ಮಪುರಿ ಸೀಮೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಇಂದಿಗೂ ಇವೆ. 1960ರಲ್ಲಿ ಸ್ಥಾಪಿತವಾದ ಮದರಾಸು ಅಲ್ಯೂಮಿನಿಯಂ ಕಂಪನಿ, ಸಂಕ್ಷೇಪವಾಗಿ ಮಾಲ್ಕೊ, ಇಟಲಿಯ ಮೊಂತೆಕಾತಿನಿ ಸಂಸ್ಥೆಯ ತಾಂತ್ರಿಕ ನೆರವಿನಿಂದ 1965ರಲ್ಲಿ ಮೇಟ್ಟೂರಿನಲ್ಲಿ ಉತ್ಪಾದನೆ ಆರಂಭಿಸಿತು. ಏರ್ಕಾಡಿನ ಶೇರ್ವರಾಯನ್ ಬೆಟ್ಟದಿಂದಲೂ ಕೊಲ್ಲಿಮಲೆಯಿಂದಲೂ ಬಾಕ್ಸೈಟ್ ಇಳಿದು ಬರುತ್ತಿತ್ತು. ಬೆಟ್ಟದ ಕಲ್ಲು, ನದಿಯ ನೀರು, ಅಣೆಕಟ್ಟಿನ ಊರು ಎಲ್ಲವೂ ಕೈಗೆಟಕುವ ದೂರದಲ್ಲಿದ್ದವು. ಇದೇ ಕಾವೇರಿ 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ತಾಗಿ ಕೋಲಾರದ ಚಿನ್ನದ ಗಣಿಯನ್ನು ನಡೆಸಿದ್ದಳು. ಆರು ದಶಕಗಳ ಅನಂತರ ಕೆಳದಂಡೆಯಲ್ಲಿ ಬೆಳ್ಳನೆಯ ಲೋಹದ ಕುಲುಮೆಗೆ ನೆರೆಯಾದಳು.

ನಮ್ಮ ರಾಜ್ಯದಲ್ಲಿಯೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇಂತಹ ಕನಸು ಕಂಡಿತ್ತು. ಶರಾವತಿಯ ವಿದ್ಯುತ್ತು ಹೇರಳವಾಗಿದ್ದ ದಿನಗಳವು. 1970ರ ಸುಮಾರಿಗೆ ಬೆಳಗಾವಿಯಲ್ಲಿ ಇಂಡಾಲ್ ಕಂಪನಿ ಅಲ್ಯೂಮಿನ ಕಾರ್ಖಾನೆಯನ್ನೂ ಲೋಹ ಕರಗಿಸುವ ಘಟಕವನ್ನೂ ಕಟ್ಟಿತು.

ಎರಡರ ಅಂತ್ಯವೂ ಒಂದೇ ಬಗೆಯದು. ಒಂದು ಟನ್ ಅಲ್ಯೂಮಿನಿಯಂ ತೆಗೆಯಲು ಸುಮಾರು ನಾಲ್ಕು ಟನ್ ಬಾಕ್ಸೈಟ್ ಬೇಕು, ಅದರಿಂದ ಎರಡು ಟನ್ ಅಲ್ಯೂಮಿನ, ಆಮೇಲೆ ಹದಿನಾಲ್ಕು ಸಾವಿರ ಯೂನಿಟ್ಟಿನಷ್ಟು ವಿದ್ಯುತ್ತು. ಅಲ್ಯೂಮಿನ ತೆಗೆದ ಮೇಲೆ ಉಳಿಯುವ ಕೆಂಪು ಕೆಸರು ಹೆಚ್ಚುಕಡಿಮೆ ಅಲ್ಯೂಮಿನದಷ್ಟೇ ತೂಗುತ್ತದೆ, ಕ್ಷಾರಮಯವಾದ ಅದನ್ನು ಎಲ್ಲಿ ಹಾಕುವುದೆಂಬುದು ಲೋಕದಾದ್ಯಂತ ಬಗೆಹರಿಯದ ಪ್ರಶ್ನೆ. ರಾಜ್ಯಗಳು ಬೆಳೆದಂತೆ ಹೊಲದ ಪಂಪಿಗೂ ಮನೆಯ ದೀಪಕ್ಕೂ ವಿದ್ಯುತ್ತು ಸಾಲದಾಯಿತು. ದರ ಏರಿತು, ಕಡಿತ ಬಂತು. ಕರಗಿದ ಲೋಹದ ತೊಟ್ಟಿಗೆ ಕೆಲವು ಗಂಟೆ ವಿದ್ಯುತ್ತು ನಿಂತರೆ ಅದು ಹೆಪ್ಪುಗಟ್ಟಿ ತೊಟ್ಟಿಯೇ ಹಾಳಾಗುತ್ತದೆ. ಬೆಳಗಾವಿಯ ಕರಗಿಸುವ ಘಟಕ ಮುಚ್ಚಿತು, ಅಲ್ಯೂಮಿನ ಕಾರ್ಖಾನೆ ಮಾತ್ರ ಹಿಂಡಾಲ್ಕೊ ಹೆಸರಿನಲ್ಲಿ ಉಳಿದಿದೆ. ಮೇಟ್ಟೂರಿನ ಮಾಲ್ಕೊ 1995ರಲ್ಲಿ ಸ್ಟರ್ಲೈಟ್ ಸಮೂಹದ ಕೈಸೇರಿತು, 2008ರಲ್ಲಿ ಅಲ್ಲಿ ಲೋಹ ಕರಗಿಸುವುದು ನಿಂತಿತು. ಭಾರತದ ಅಲ್ಯೂಮಿನಿಯಂ ಇಂದು ಮುಖ್ಯವಾಗಿ ಒಡಿಶಾ, ಛತ್ತೀಸಗಢ, ಉತ್ತರ ಪ್ರದೇಶ, ಮಧ್ಯಪ್ರದೇಶಗಳ ಕಲ್ಲಿದ್ದಲ ಸೀಮೆಯಲ್ಲಿ ಹುಟ್ಟುತ್ತದೆ.

ಡಬ್ಬದ ಆಗಮನ

ಮದರಾಸಿಗೆ ಲೋಹದ ಡಬ್ಬ ಹೊಸದೇನಲ್ಲ. ನಾಲ್ಕು ಗ್ಯಾಲನ್ನಿನ ಚೌಕಾಕಾರದ ಸೀಮೆಎಣ್ಣೆ ಡಬ್ಬ ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮನೆಮನೆಯ ವಸ್ತು. ಎಣ್ಣೆ ಮುಗಿದ ಮೇಲೆ ಅದು ನೀರು ಹೊರುವ ಕೊಡ, ಅಕ್ಕಿಯ ಕಣಜ, ತುಳಸಿಯ ಕುಂಡ, ಬಿಚ್ಚಿ ಬಡಿದರೆ ಗುಡಿಸಿಲಿನ ಮಾಡಿನ ತಗಡು. ‘ಎಸೆಯುವ ಹೊದಿಕೆ’ ಎಂಬ ಕಲ್ಪನೆಯೇ ಆಗ ಇರಲಿಲ್ಲ. ನಮ್ಮ ಹಿರಿಯರು ಕೋಡಂಬಾಕ್ಕಮ್ಮಿನಲ್ಲಿ ಕನ್ನಡ ಚಿತ್ರಗಳನ್ನು ಮಾಡುತ್ತಿದ್ದಾಗ ರೀಲುಗಳು ಊರೂರು ತಿರುಗಿದ್ದೂ ತಗಡಿನ ದುಂಡು ಡಬ್ಬಗಳಲ್ಲಿಯೇ. ಓಟ ಮುಗಿದ ಪ್ರಿಂಟುಗಳನ್ನು ಅವುಗಳಲ್ಲಿನ ಬೆಳ್ಳಿಗಾಗಿ ಗುಜರಿಗೆ ಹಾಕಿದ್ದು ಭಾರತೀಯ ಚಿತ್ರರಂಗದ ದುಃಖದ ಕಥೆ. 1934ರ ‘ಸತಿ ಸುಲೋಚನ’, ನಮ್ಮ ಮೊದಲ ಮಾತಿನ ಚಿತ್ರ, ಇಂದು ನೋಡಲು ಉಳಿದಿಲ್ಲ. ಗುಜರಿಯೆಂಬುದು ಲೋಹವನ್ನು ಉಳಿಸುತ್ತದೆ, ಅದರ ಮೈಮೇಲೆ ಬರೆದದ್ದನ್ನು ಉಳಿಸುವುದಿಲ್ಲ. ಇದನ್ನೂ ಮರೆಯಬಾರದು.

ಪಾನೀಯದ ಡಬ್ಬದ ಹುಟ್ಟು ಅಮೆರಿಕದಲ್ಲಿ. 1935ರಲ್ಲಿ ಅಲ್ಲಿ ಬಿಯರನ್ನು ಉಕ್ಕಿನ ಡಬ್ಬದಲ್ಲಿ ಮಾರಿದರು. 1959ರಲ್ಲಿ ಕೂರ್ಸ್ ಎಂಬ ಬಿಯರ್ ಕಂಪನಿ ಅಲ್ಯೂಮಿನಿಯಂ ಡಬ್ಬವನ್ನು ತಂದಿತು, ಖಾಲಿ ಡಬ್ಬ ಹಿಂತಿರುಗಿಸಿದವರಿಗೆ ಒಂದು ಸೆಂಟ್ ಕೊಡುವ ಏರ್ಪಾಡನ್ನೂ ಮಾಡಿತು. ಎಳೆದು ಕಿತ್ತೆಸೆಯುವ ಕಿವಿಗೆ ಬದಲಾಗಿ ಡಬ್ಬಕ್ಕೇ ಅಂಟಿಕೊಂಡಿರುವ ಕಿವಿ 1975ರಲ್ಲಿ ಬಂತು. ಇಂದಿನ ಡಬ್ಬದ ತೂಕ ಹದಿನಾಲ್ಕು ಗ್ರಾಮಿನ ಆಸುಪಾಸು, ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಒಂದೇ ಲೋಹವೆಂದು ಕಾಣುವ ಅದರಲ್ಲಿ ಎರಡು ಮಿಶ್ರಲೋಹಗಳಿವೆ. ಒಡಲಿನಲ್ಲಿ ಮ್ಯಾಂಗನೀಸ್ ಮತ್ತು ಸ್ವಲ್ಪ ಮೆಗ್ನೀಸಿಯಂ, ಗಟ್ಟಿಯಾಗಿರಬೇಕಾದ ಮುಚ್ಚಳದಲ್ಲಿ ಹೆಚ್ಚು ಮೆಗ್ನೀಸಿಯಂ.

ಭಾರತದಲ್ಲಿ ಈ ಡಬ್ಬ ಬಳಕೆಗೆ ಬಂದದ್ದು 1991ರ ಆರ್ಥಿಕ ಉದಾರೀಕರಣದ ಅನಂತರ, ಅದೂ ನಿಧಾನವಾಗಿ. ಗಾಜಿನ ಸೀಸೆಯನ್ನು ತೊಳೆದು ಮತ್ತೆ ತುಂಬುವ ಪದ್ಧತಿ ಇಲ್ಲಿ ಬಲವಾಗಿತ್ತು, ಡಬ್ಬ ಸಿರಿವಂತಿಕೆಯ ಗುರುತಾಗಿತ್ತು. ಈಗ ಚೆನ್ನೈನಿಂದ ಉತ್ತರಕ್ಕೆ ಐವತ್ತೈದು ಕಿಲೋಮೀಟರ್ ದೂರದಲ್ಲಿ, ಆಂಧ್ರದ ಗಡಿ ದಾಟಿದೊಡನೆ ಸಿಗುವ ಶ್ರೀಸಿಟಿಯಲ್ಲಿಯೇ ಬಾಲ್ ಎಂಬ ಅಮೆರಿಕದ ಕಂಪನಿಯ ಡಬ್ಬದ ಕಾರ್ಖಾನೆಯಿದೆ.

‘ಈಯಂ, ಪಿತ್ತಳೈಗೆ ಪೇರೀಚ್ಚಂಪಳಂ’

ಖಾಲಿಯಾದ ಡಬ್ಬ ಎಲ್ಲಿಗೆ ಹೋಗುತ್ತದೆ? ಚೆನ್ನೈನಲ್ಲಿ ಬಹುಕಾಲ ಬಾಳಿದವರ ಕಿವಿಯಲ್ಲಿ ಒಂದು ಕೂಗು ಉಳಿದಿರುತ್ತದೆ: ‘ಈಯಂ, ಪಿತ್ತಳೈಗೆ ಪೇರೀಚ್ಚಂಪಳಂ!’ ಹಳೆಯ ತವರ, ಹಿತ್ತಾಳೆ ಕೊಟ್ಟರೆ ಖರ್ಜೂರ ಕೊಡುತ್ತೇನೆಂದು ತಳ್ಳುಗಾಡಿಯವನು ಬೀದಿಯಲ್ಲಿ ಸಾರುತ್ತಿದ್ದ ಕೂಗು. ಕೆಲಸಕ್ಕೆ ಬಾರದ ವಸ್ತುವನ್ನು ‘ಖರ್ಜೂರಕ್ಕೆ ಹಾಕು’ ಎಂದು ತಮಿಳರು ಇಂದಿಗೂ ಹಾಸ್ಯಮಾಡುತ್ತಾರೆ. ನಮ್ಮ ಊರುಗಳಲ್ಲಿ ಹಳೆಯ ಕಬ್ಬಿಣಕ್ಕೆ ಐಸ್‌ಕ್ಯಾಂಡಿ ಕೊಡುತ್ತಿದ್ದುದನ್ನು ನೆನೆಸಿಕೊಂಡರೆ ಗುಜರಿಯ ಭಾಷೆ ಎಲ್ಲೆಡೆಯೂ ಸಿಹಿಯದೇ ಎನ್ನಿಸುತ್ತದೆ. ನಾವು ಗುಜರಿ ಅಂಗಡಿ ಎನ್ನುವುದಕ್ಕೆ ಇಲ್ಲಿಯ ಮಾತು ‘ಕಾಯಲಾನ್ ಕಡೈ’. ತೂತ್ತುಕ್ಕುಡಿ ಸೀಮೆಯ ಕಾಯಲ್‌ಪಟ್ಟಣದಿಂದ ಬಂದ ವರ್ತಕರು ಈ ವ್ಯಾಪಾರ ನಡೆಸುತ್ತಿದ್ದುದರಿಂದ ಆ ಹೆಸರು ಬಂತೆಂಬ ವಿವರಣೆ ರೂಢಿಯಲ್ಲಿದೆ.

ಕಲಾಶಾಲೆಯಿಂದ ಅನತಿದೂರದ ಪುದುಪೇಟೆಯಲ್ಲಿ ಹಳೆಯ ವಾಹನಗಳನ್ನು ಬಿಚ್ಚಿ ಬಿಡಿಭಾಗ ಮಾರುವ ಬೀದಿಗಳಿವೆ. ಅಲ್ಲಿ ಎಂಜಿನ್ನಿನ ಕವಚವಾಗಿ, ಗೇರ್‌ಬಾಕ್ಸಿನ ಹೊದಿಕೆಯಾಗಿ ಅಲ್ಯೂಮಿನಿಯಂ ರಾಶಿ ಬೀಳುತ್ತದೆ. ಬೀದಿಯಲ್ಲಿ ಆಯ್ದ ಡಬ್ಬಗಳು ಸಣ್ಣ ಅಂಗಡಿಯಿಂದ ದೊಡ್ಡ ಅಂಗಡಿಗೆ ಸೇರಿ, ಒತ್ತಿ ಕಟ್ಟಾಗಿ, ಕರಗಿಸುವವರ ಬಳಿಗೆ ಹೋಗುತ್ತವೆ. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಉಕ್ಕಿಗೆ ಬೇಕಾದ ಶಾಖದ ಅರ್ಧಕ್ಕಿಂತ ಕಡಿಮೆ. ಅಮೆರಿಕ, ಯುರೋಪುಗಳಲ್ಲಿ ಹಳೆಯ ಡಬ್ಬದಿಂದ ಹೊಸ ಡಬ್ಬದ ತಗಡು ಮಾಡುವ ಏರ್ಪಾಡಿದೆ. ನಮ್ಮಲ್ಲಿ ಡಬ್ಬವು ಬಹುಮಟ್ಟಿಗೆ ಮತ್ತೆ ಡಬ್ಬವಾಗದೆ ಎರಕದ ಲೋಹವಾಗುತ್ತದೆ. ಪಾಡಿಯಿಂದ ಶ್ರೀಪೆರಂಬುದೂರಿನವರೆಗೆ ಹಬ್ಬಿರುವ ವಾಹನ ಉದ್ಯಮಕ್ಕೆ ಎರಕದ ಅಲ್ಯೂಮಿನಿಯಂ ಎಷ್ಟಿದ್ದರೂ ಸಾಲದು.

ಲೆಕ್ಕ ಹಾಕಿ ನೋಡೋಣ. ಗುಜರಿಯಿಂದ ಲೋಹ ಮಾಡಲು ಅದಿರಿನಿಂದ ಮಾಡುವುದರ ನೂರಕ್ಕೆ ಐದು ಪಾಲಿನಷ್ಟು ಶಕ್ತಿ ಸಾಕು. ಸುಮಾರು ಎಪ್ಪತ್ತು ಡಬ್ಬ ಸೇರಿದರೆ ಒಂದು ಕಿಲೋ, ಅಂದರೆ ಹದಿನಾಲ್ಕು ಯೂನಿಟ್ ವಿದ್ಯುತ್ತು. ತಮಿಳುನಾಡಿನ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ನೂರು ಯೂನಿಟ್ ಉಚಿತವಾಗಿ ಸಿಗುವುದು ನಮಗೆಲ್ಲ ತಿಳಿದಿದೆ. ಆ ನೂರು ಯೂನಿಟ್ ಎಂದರೆ ಹೆಚ್ಚುಕಡಿಮೆ ಐನೂರು ಡಬ್ಬ. ಬೆನ್ನಿಗೆ ಗೋಣಿಚೀಲ ಹಾಕಿಕೊಂಡು ಬೆಳಗಿನ ಜಾವ ಬೀಚಿನಲ್ಲಿ ಡಬ್ಬ ಆಯುವ ಮನುಷ್ಯ ಚೀಲದಲ್ಲಿ ಹೊತ್ತೊಯ್ಯುವುದು ಗಟ್ಟಿಯಾಗಿಸಿದ ವಿದ್ಯುತ್ತನ್ನೇ. ವಿದ್ಯುತ್ತಿಲ್ಲದೆ ಮೇಟ್ಟೂರು, ಬೆಳಗಾವಿಗಳಲ್ಲಿ ಯಾವುದು ನಿಂತಿತೋ ಅದನ್ನು ಈ ಚೀಲ ಇನ್ನೊಂದು ರೂಪದಲ್ಲಿ ನಡೆಸಿಕೊಂಡು ಹೋಗುತ್ತಿದೆ.

ಯಾರ ಸಂಪತ್ತು?

ಈ ದುಡಿಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಚೆನ್ನೈನ ಎರಡು ದೊಡ್ಡ ಕಸದ ಬಯಲುಗಳು ಉತ್ತರದ ಕೊಡುಂಗೈಯೂರು ಮತ್ತು ದಕ್ಷಿಣದ ಪೆರುಂಗುಡಿ. ಪೆರುಂಗುಡಿಯ ಬಯಲು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಪಳ್ಳಿಕ್ಕರಣೈ ಜೌಗಿಗೆ ತಾಗಿದೆ. ಅಲ್ಲಿ ಗಾಜಿನ ಚೂರು, ಹೊಗೆ, ಕೊಳೆತ ನೀರುಗಳ ನಡುವೆ ಕಸ ಆಯುವವರು ಇಷ್ಟು ಕಾಲವೂ ನಗರದ ಲೆಕ್ಕಪತ್ರದ ಹೊರಗೇ ಇದ್ದು ನಗರಕ್ಕೆ ಹಣ ಉಳಿಸಿದವರು. 2016ರ ಘನತ್ಯಾಜ್ಯ ನಿಯಮಗಳು ಕಸ ಆಯುವವರನ್ನು ಹೆಸರಿಸಿ, ಅವರನ್ನು ನಗರದ ವ್ಯವಸ್ಥೆಯೊಳಗೆ ತರಬೇಕೆಂದು ಹೇಳಿದವು. 2025ರಲ್ಲಿ ಕೇಂದ್ರ ಪರಿಸರ ಸಚಿವಾಲಯವು ಅಲ್ಯೂಮಿನಿಯಂ, ತಾಮ್ರ, ಸತು ಮುಂತಾದ ಲೋಹಗಳ ಗುಜರಿಯ ಮರುಬಳಕೆಗೆ ಉತ್ಪಾದಕರನ್ನೇ ಹೊಣೆಮಾಡುವ ನಿಯಮಗಳನ್ನು ಪ್ರಕಟಿಸಿತು. ನಿಯಮ ಒಳ್ಳೆಯದು. ಆದರೆ ಪ್ರಮಾಣಪತ್ರ, ನೋಂದಣಿ, ದೊಡ್ಡ ಕಾರ್ಖಾನೆಗಳ ಈ ಹೊಸ ಲೋಕದಲ್ಲಿ ಗೋಣಿಚೀಲದವನಿಗೂ ಸಣ್ಣ ಕಾಯಲಾನ್ ಕಡೈಗೂ ಬಾಗಿಲು ಇರುತ್ತದೆಯೋ ಇಲ್ಲವೋ ಎಂಬುದೇ ಮುಖ್ಯ ಪ್ರಶ್ನೆ. ಹಿಂದೆ ಕಂಚುಗಾರನ ಸುತ್ತಿಗೆಯಿಂದ ಶುರುವಾದ ಉದ್ಯಮ ಯಂತ್ರದ ಅಚ್ಚಿಗೆ ಹೋದಾಗ ಕಂಚುಗಾರನನ್ನು ಕೇಳಿದವರು ಕಡಿಮೆ. ಎಪ್ಪತ್ತರ ದಶಕದ ಹೊತ್ತಿಗೆ ‘ಎವರ್‌ಸಿಲ್ವರ್’ ಎಂದು ತಮಿಳರು ಕರೆಯುವ ಸ್ಟೇನ್‌ಲೆಸ್ ಸ್ಟೀಲು ಮನೆಹೊಕ್ಕಾಗ ಅಲ್ಯೂಮಿನಿಯಂ ಪಾತ್ರೆಯವರನ್ನೂ ಯಾರೂ ಕೇಳಲಿಲ್ಲ.

ಇನ್ನೊಂದು ಎಚ್ಚರಿಕೆಯ ಮಾತೂ ಅಗತ್ಯ. ಕರಗಿದ ಲೋಹ ತನ್ನೊಡನೆ ಬಂದದ್ದನ್ನೆಲ್ಲ ಒಳಗೆ ಸೇರಿಸಿಕೊಳ್ಳುತ್ತದೆ. ಎಂಜಿನ್ನಿನ ಭಾಗ, ಬೆಸುಗೆಯ ಸೀಸ, ಬಣ್ಣ ಎಲ್ಲವನ್ನೂ ಒಟ್ಟಿಗೆ ಕರಗಿಸಿ ಎರಕಹೊಯ್ದ ಅಗ್ಗದ ಅಡುಗೆಪಾತ್ರೆಗಳಲ್ಲಿ ಸೀಸ ಕಂಡುಬಂದುದನ್ನು ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳು ತೋರಿಸಿವೆ. ಪಾತ್ರೆಯ ಅಲ್ಯೂಮಿನಿಯಂ ಹೇಗಿರಬೇಕೆಂದು ಹೇಳುವ ಐಎಸ್ 21 ಎಂಬ ಭಾರತೀಯ ಮಾನಕವೇ ಇದೆ. ಗುಜರಿಯ ಲೋಹ ಕೀಳೆಂದು ಇದರ ಅರ್ಥವಲ್ಲ, ಬೇರ್ಪಡಿಸದೆ ಕರಗಿಸಿದ್ದು ಕೀಳು. ಡಬ್ಬ ಡಬ್ಬದೊಡನೆ, ಎಂಜಿನ್ ಎಂಜಿನ್ನಿನೊಡನೆ ಸೇರಬೇಕು. ಬೇರ್ಪಡಿಸುವ ಕೆಲಸಕ್ಕೆ ಕಣ್ಣೂ ಅನುಭವವೂ ಬೇಕು. ಆ ಅನುಭವ ಇಂದು ಇರುವುದು ಗುಜರಿಯವರಲ್ಲಿ.

2022ರಲ್ಲಿ ಮದರಾಸು ಉಚ್ಚ ನ್ಯಾಯಾಲಯದ ಸೂಚನೆಯ ಮೇರೆಗೆ ನೀಲಗಿರಿಯಲ್ಲಿ ಮದ್ಯದ ಸೀಸೆಗೆ ಹತ್ತು ರೂಪಾಯಿ ಹೆಚ್ಚಾಗಿ ಪಡೆದು, ಖಾಲಿ ಸೀಸೆ ತಂದಾಗ ಹಿಂದಿರುಗಿಸುವ ಪದ್ಧತಿ ಬಂತು. ಕಾಡಿನಲ್ಲಿ ಒಡೆದ ಗಾಜು ಆನೆಯ ಕಾಲನ್ನು ಸೀಳುತ್ತಿದ್ದುದು ಅದಕ್ಕೆ ಕಾರಣ. ಗಾಜಿಗೆ ಗುಜರಿಯಲ್ಲಿ ಬೆಲೆ ಕಡಿಮೆಯಾದ್ದರಿಂದ ಬೆಲೆಯನ್ನು ಕಾನೂನಿನಿಂದ ಹುಟ್ಟಿಸಬೇಕಾಯಿತು. ಅಲ್ಯೂಮಿನಿಯಮ್ಮಿಗೆ ಆ ಬೆಲೆ ತಾನಾಗಿಯೇ ಇದೆ. ನಾವು ಮಾಡಬೇಕಾದದ್ದು ಚಿಕ್ಕದು: ಡಬ್ಬವನ್ನು ಹಸಿಕಸದೊಡನೆ ಬೆರೆಸದೆ, ತೊಳೆದು, ಬೇರೆಯಾಗಿ ಕೊಡುವುದು. ತೆಗೆದುಕೊಂಡು ಹೋಗುವವನು ಬಂದಾಗ ಬಾಗಿಲಲ್ಲಿ ನಿಂತು ನಾಲ್ಕು ಮಾತಾಡುವುದು.

ಚಾಟರ್ಟನ್ 1919ರಲ್ಲಿ ಸರ್ ಪದವಿ ಪಡೆದನು, ಕೈಗಾರಿಕಾ ಆಯೋಗದ ಸದಸ್ಯನಾಗಿ ವರದಿಗೆ ಸಹಿ ಹಾಕಿದನು, ಚರಿತ್ರೆಯ ಪುಟಗಳಲ್ಲಿ ಉಳಿದನು. ಕಲಾಶಾಲೆಯಲ್ಲಿ ಆ ಮೊದಲ ತಗಡನ್ನು ಬಡಿದ ಕಂಚುಗಾರರ ಹೆಸರುಗಳು ಆ ಪುಟಗಳಲ್ಲಿಲ್ಲ. ಇಂದು ಅದೇ ಲೋಹವನ್ನು ಬೀದಿಯಿಂದ ಎತ್ತುವವರ ಹೆಸರುಗಳೂ ಯಾವ ದಾಖಲೆಯಲ್ಲಿಯೂ ಇಲ್ಲ. ಮೇಟ್ಟೂರಿನ ತೊಟ್ಟಿಗಳು ಆರಿವೆ. ಪುದುಪೇಟೆಯಲ್ಲಿ ಮಾತ್ರ ನಾಳೆ ಬೆಳಿಗ್ಗೆಯೂ ತಕ್ಕಡಿ ತೂಗುತ್ತದೆ.